ರಸ್ತೆ ಕಡೆಯ ಗಾಜಿನ ಹೆಂಚು

ದಬ್ಬೇಘಟ್ಟ
18-2-1985, ಸೋಮವಾರ

ಚಿರಂಜೀವಿ ಗಿರಿಜಾಂಬಿಕೆಗೆ ನಿನ್ನ ಸೋದರಮಾವನ ತುಂಬು ಆಶೀರ್ವಾದ.

ಕೆಮ್ಮು ಹೋಯಿತೆ? ಹಾಸ್ಟೆಲಿನ ಅನ್ನ ಒಗ್ಗಿತೆ? ನಿಮ್ಮಮ್ಮ ಮಂಡಿನೋವೊಂದು ಬಿಟ್ಟರೆ ಗಟ್ಟಿಯಾಗಿದ್ದಾಳೆ. ನಿನಗೆ ಚಟ್ನಿಪುಡಿ ಕಳಿಸುತ್ತಾಳಂತೆ. ಅದಕ್ಕೆ ಕೊಬ್ಬರಿ ತುರಿದವನು ನಾನು. ಅಕ್ಕ ಅದನ್ನು ಬಾಯಿಬಿಟ್ಟು ಹೇಳುವವಳಲ್ಲ, ಅದಕ್ಕೆ ನಾನೇ ಬರೆದಿದ್ದೇನೆ. ನನಗೆ ಸಿಟ್ಟೊಂದು ಬಿಟ್ಟು ಬೇರೆ ಯಾವ ಕಾಯಿಲೆಯೂ ಇಲ್ಲ.

ಸಿಟ್ಟು ನಮ್ಮೂರ ಕೊಬ್ಬರಿ ಸಂಘದ ಅಧ್ಯಕ್ಷ ಶಂಭುಲಿಂಗಯ್ಯನ ಮೇಲೆ. ದೀಪಾವಳಿ ರಜೆಯಲ್ಲಿ ನೀನೇ ಸಂಘದ ಶೆಡ್ಡು ನೋಡಿದ್ದೆಯಲ್ಲ, ಒಳಗೆ ಕಾಲಿಟ್ಟರೆ ಹಗಲಲ್ಲೇ ಕಣ್ಣು ಕಟ್ಟಿದಂತೆ. ಒಂದು ಕಡೆ ಅಟ್ಟದ ತುಂಬ ಕಾಯಿ, ಇನ್ನೊಂದು ಕಡೆ ಕೂತು ಕರಟ ಒಡೆದು ಉಂಡೆ ಕೊಬ್ಬರಿ ಬಿಡಿಸುವ ಹತ್ತು ಹೆಂಗಸರು. ಮೇಲೆ ನೂರು ಕ್ಯಾಂಡಲ್ಲಿನ ಎಂಟು ಬಲ್ಬು. ಉರಿದಾಗ ಬೆಳಕಿಗಿಂತ ಶೆಖೆ ಹೆಚ್ಚು, ಮಧ್ಯಾಹ್ನ ಕರೆಂಟು ಹೋದರೆ ಅದೂ ಇಲ್ಲ. ಆ ಕತ್ತಲಲ್ಲೇ ತಾನೆ ಅಂಕಮ್ಮನ ಹೆಬ್ಬೆಟ್ಟಿಗೆ ಮಚ್ಚು ಬಿದ್ದದ್ದು? ಅದನ್ನು ನೋಡಿ ನೀನು ಹಾಸ್ಟೆಲಿನಿಂದ ನಕ್ಷೆ ಬರೆದು ಕಳಿಸಿದೆ. ಮಾಡಿಗೆ ಹನ್ನೆರಡು ಗಾಜಿನ ಹೆಂಚು, ಗೋಡೆಗೆ ಬಿಳಿ ಸುಣ್ಣ, ಸಂಜೆಗೆ ಮಾತ್ರ ಎರಡು ಟ್ಯೂಬ್ ಲೈಟು, ಅವೂ ಸೂರಿಗಲ್ಲ, ಕೂತವರ ತಲೆಯ ಮೇಲೆ ತಗ್ಗಿಸಿ. ಎಂಟು ಬಲ್ಬು ತಿನ್ನುವ ಕರೆಂಟಿನಲ್ಲಿ ಎಂಟನೇ ಒಂದು ಪಾಲು ಸಾಕು ಅಂತ ಲೆಕ್ಕ ಬೇರೆ ಹಾಕಿದ್ದೆ.

ಐವತ್ತೆರಡರ ವಯಸ್ಸಿನಲ್ಲಿ ಏಣಿಯಿಲ್ಲದೆ ಮಾಡು ಹತ್ತಿ ಹೆಂಚು ಕೂರಿಸಿದವನು ನಾನು. ಈ ಉಪಾಯ ನನ್ನ ತಲೆಯಲ್ಲೇ ಹುಟ್ಟಿದ್ದು ಅಂತ ಊರಿಗೆಲ್ಲ ಹೇಳಿದೆ, ತಪ್ಪು ತಿಳಿಯಬೇಡ. ಎಂಟನೇ ಕ್ಲಾಸನ್ನು ಒಂದೇ ಸಲಕ್ಕೆ ಪಾಸು ಮಾಡಿದವನಿಗೆ ಅಷ್ಟು ಸಲುಗೆ ಬೇಡವೆ? ಮಾರನೆಯ ಬೆಳಗ್ಗೆ ಅಂಕಮ್ಮ ಒಳಗೆ ಬಂದವಳು ಕೈ ತಿರುಗಿಸಿ ತಿರುಗಿಸಿ ನೋಡಿಕೊಂಡು, "ಹಾಲಣ್ಣ, ಮದ್ವೆಯಾಗಿ ಬಂದಾಗಿಂದ ಇಲ್ಲೇ ಕುಂತಿದ್ದೀನಿ, ನನ್ ಕೈ ನಂಗೆ ಸರಿಯಾಗಿ ಕಂಡಿದ್ದು ಇವತ್ತೇ ಕಣಪ್ಪ" ಅಂದಳು. ಆ ಹೊತ್ತಿನಲ್ಲಿ ನನ್ನ ಎದೆಯ ಅಗಲ ನೀನು ನೋಡಬೇಕಿತ್ತು.

ಈಗ ಆ ಹೆಂಚು ಕೀಳಿಸುತ್ತಾರಂತೆ! ಅಟ್ಟದಲ್ಲಿ ಒಂದಿಷ್ಟು ಕಾಯಿ ಬಿಸಿಲಿಗೆ ಬಿರಿದವು ಅನ್ನುವುದೊಂದೇ ನೆಪ. ಶುಕ್ರವಾರ ಮಧ್ಯಾಹ್ನ ಕಿಟಕಿಯಿಲ್ಲದ ಆಫೀಸು ರೂಮಿನಲ್ಲಿ ಮೀಟಿಂಗು ಕರೆದರು. ಗಾಜಿನ ಹೆಂಚು ತೆಗೆದು ಹತ್ತು ಬಲ್ಬು ಹಾಕತಕ್ಕದ್ದು ಅಂತ ಶಂಭುಲಿಂಗಯ್ಯ ಠರಾವು ಓದಲು ಶುರುಮಾಡಿದ. "ಕರೆಂಟು ಮನೆಮನೆಗೆ ಬಂದಿರೋ ಕಾಲ್ದಾಗೆ ಸೂರ್ಯನ್ನ ಸಂಬಳಕ್ಕಿಟ್ಕಂಡವ್ನೆ ಹಾಲಸ್ವಾಮಿ" ಅಂತ ನಡುವೆ ಒಂದು ಕುಹಕ. ಎಲ್ಲರೂ ನಕ್ಕರು. ನಗು ಮುಗಿಯುವುದರೊಳಗೆ ಕರೆಂಟು ಹೋಯಿತು! "ಓದ್ರಣ್ಣ, ಈಗ ಓದ್ರಿ, ನಾವೆಲ್ಲ ಕೇಳುಸ್ಕತೀವಿ" ಅಂದೆ. ಅವನ ಕನ್ನಡಕ ಹಾಳೆಗೆ ತಾಗಿದರೂ ಅಕ್ಷರ ಸಿಗಲಿಲ್ಲ. ಕೊನೆಗೆ ಎಲ್ಲರೂ ಕಾಗದ ಪತ್ರ ಹೊತ್ತುಕೊಂಡು ಎದ್ದುಹೋದದ್ದು ಎಲ್ಲಿಗೆ ಗೊತ್ತೆ? ಅದೇ ಶೆಡ್ಡಿಗೆ. ನಮ್ಮ ಹೆಂಚಿನ ಬೆಳಕಿನಲ್ಲಿ ನಿಂತು, ನಮ್ಮ ಹೆಂಚು ಕೀಳುವ ಠರಾವನ್ನು ಒಂದಕ್ಷರ ತಡವರಿಸದೆ ಓದಿ, ಅಲ್ಲೇ ಸಾಲಾಗಿ ಸಹಿ ಹಾಕಿದರು ಗಿರಿಜಾ! ಒಬ್ಬನಾದರೂ ತಲೆಯೆತ್ತಿ ಮೇಲೆ ನೋಡಿದನೆ? ಅವರು ಸಹಿ ಹಾಕುವ ಹೊತ್ತಿಗೆ ಅಂಕಮ್ಮ ಮಚ್ಚು ಕೆಳಗಿಟ್ಟು, "ಹಂಗಾರೆ ನಾವು ಮತ್ತೆ ಬೆಳಕಿಗೋಸ್ಕರ ಬಾಗ್ಲಾಗೆ ಬಂದು ಕುಂತ್ಕಬೇಕಾ?" ಅಂತ ಕೇಳಿದಳು. ಅವರು ಪೆನ್ನು ಜೇಬಿಗೆ ಸಿಕ್ಕಿಸಿಕೊಂಡು ಹೊರಟರು.

ಬುಧವಾರ ಬೆಳಗ್ಗೆ ಹೆಂಚು ಇಳಿಸುವ ಆಳು ಬರುತ್ತಾನೆ. ಎಂಥ ಜನ, ಎಂಥ ಕಾಲ! ಬರೆಯುತ್ತಾ ಹೋದರೆ ಕಾಗದವೇ ಹೊತ್ತಿಕೊಂಡೀತು. ರಾತ್ರಿಯೆಲ್ಲ ಕೂತು ಓದಿ ಕಣ್ಣು ಕೆಡಿಸಿಕೊಳ್ಳಬೇಡ. ನಿನ್ನ ಗೆಳತಿಯರಿಗೂ ಮಾವ ಕೇಳಿದ ಅಂತ ಹೇಳು. ನೀನು ನೂರು ಕಾಲ ಬೆಳಗುತ್ತಿರು.

ಇಂತಿ ನಿನ್ನ ಮಾವ,
ಹಾಲಸ್ವಾಮಿ

ಮಡಿಸುವ ಮೊದಲು ಇನ್ನೊಂದು: ಟಪಾಲು ಚೀಲ ಮೂರಕ್ಕೆ ಹೊರಡುತ್ತದೆ, ಗಡಿಬಿಡಿಯಲ್ಲಿ ಗೀಚಿದ್ದೇನೆ. ನಿನ್ನ ನಕ್ಷೆಯಲ್ಲಿ ಹೆಂಚು ಇದ್ದದ್ದು ಉತ್ತರದ ಇಳಿಜಾರಿಗೆ, ಹೆಂಗಸರು ಕೂರುವ ಕಡೆ. ಅಟ್ಟದ ಕಾಯಿಗೆ ನೆರಳು ಬೇಕು, ದಕ್ಷಿಣಕ್ಕೆ ಬೇಡವೇ ಬೇಡ ಅಂತ ನೀನು ಕೆಂಪು ಮಸಿಯಲ್ಲಿ ಎರಡು ಗೀಟು ಎಳೆದಿದ್ದೆ. ನಾನು ಓದಿದ್ದೆ ಕಣವ್ವ. ಆದರೆ ಉತ್ತರದ ಕಡೆ ಬರೀ ಹಿತ್ತಲು, ದಕ್ಷಿಣದ ಕಡೆ ರಸ್ತೆ. ತುರುವೇಕೆರೆ ಬಸ್ಸಿನಲ್ಲಿ ಹೋಗುವವರ ಕಣ್ಣಿಗೆ ಹೊಳೆಯಲಿ, ಯಾರು ಮಾಡಿದ್ದು ಅಂತ ಕೇಳಲಿ ಅಂತ ಅಲ್ಲೇ ಹಾಕಿದೆ. ಕಾಯಿ ಬಿರಿದದ್ದು ಅದಕ್ಕೆ. ಶುಕ್ರವಾರ ಮೀಟಿಂಗಿನಲ್ಲಿ "ಯಾರ ನಕ್ಷೆಯಯ್ಯ ಇದು?" ಅಂತ ಅವರು ಕೇಳಿದಾಗ, ಅಷ್ಟು ದಿನ ನನ್ನದು ಅಂದವನು, "ನಮ್ಮ ಗಿರಿಜಂದು" ಅಂದುಬಿಟ್ಟೆ. "ಹೆಣ್ಮಗು ಓದು ಇಷ್ಟೇ ಬುಡು" ಅಂದ ಶಂಭುಲಿಂಗಯ್ಯ. ನಾನು ನೆಲ ನೋಡುತ್ತಾ ನಿಂತಿದ್ದೆ. ಇವತ್ತು ಸಂಜೆ ನಿನ್ನ ನಕ್ಷೆ ಹಿಡಿದು ಅವನ ಮನೆಗೆ ಹೋಗಿ, ಆ ಕೆಂಪು ಗೀಟು ತೋರಿಸುತ್ತೇನೆ. ಅದೇ ಹೆಂಚನ್ನು ನಾನೇ ಹತ್ತಿ ಹಿತ್ತಲ ಕಡೆಗೆ ಹಾಕಿಕೊಡುತ್ತೇನೆ ಅಂತ ಕೇಳಿಕೊಳ್ಳುತ್ತೇನೆ. ನನ್ನನ್ನು ನಾನು ಬಲ್ಲೆ, ಅರ್ಧ ದಾರಿಗೆ ಹೋಗಿ ಹಿಂದೆ ಬರುವವನು. ಅದಕ್ಕೇ, ಹೊರಡುವ ಮೊದಲೇ ನಿನಗೆ ಬರೆದು ಡಬ್ಬಿಗೆ ಹಾಕುತ್ತಿದ್ದೇನೆ.