ನಿನ್ನ ಕೈಯ ತುಪ್ಪ

ಗೆಳೆಯಾ ಮಲಕಾಜಪ್ಪಾ,

ನಿನ್ನೆ ಪುಣೆಯ ಶಿವಾಜಿನಗರದಲ್ಲಿ, ನಿನ್ನ ಮಗಳು ರೇಣುವಿನ ಮದುವೆ ಊಟದಿಂದ ನಾನು ಎದ್ದು ಓಡಿದ್ದು ಸಿಟ್ಟಿನಿಂದಲ್ಲ. ಎರಡು ತಿಂಗಳ ಹಿಂದೆ ಹರಳಾಗಿ ನನ್ನ ಪಿತ್ತಕೋಶವನ್ನೇ ತೆಗೆದಿದ್ದಾರೆ. ಲಿವರ್ ಎಂದಿನಂತೆ ಪಿತ್ತ ತಯಾರಿಸುತ್ತದೆ, ಕೂಡಿಡಲು ಗೋದಾಮಿಲ್ಲ. ಅದಕ್ಕೇ ಡಾಕ್ಟರು, ಸ್ವಲ್ಪ ಸ್ವಲ್ಪವೇ ಉಣ್ಣಿ, ಜಿಡ್ಡು ಕಡಿಮೆ ಮಾಡಿ ಎಂದಿದ್ದರು.

ನೀನೇ ತುಪ್ಪ ಬಡಿಸಲು ಬಂದೆ. ನಾನು ಹೋಳಿಗೆಗೆ ಕೈ ಅಡ್ಡ ಹಿಡಿದೆ.

"ಯಾಕಲೇ, ನಾವು ಜಗಳಾಡಿ ಐದು ವರ್ಷಾತು, ಇನ್ನೂ ಸಿಟ್ಟು ಇಳಿದಿಲ್ಲೇನು? ನನ್ನ ಕೈಯಾನ ತುಪ್ಪಾನೂ ಬ್ಯಾಡೇನು?" ಎಂದೆ ನೀನು.

ಇಡೀ ಪಂಕ್ತಿ ನನ್ನನ್ನೇ ನೋಡಿತು.

"ಹಾಕಲೇ, ಹಾಕು!" ಎಂದು ನಾನು ಕೈ ತೆಗೆದೆ. ಹೋಳಿಗೆ ಈಜತೊಡಗಿತು. ನನ್ನ ಹೆಂಡತಿ ಗೌರಾ ಕಣ್ಣು ಕೆಕ್ಕರಿಸಿದರೂ ಎಲ್ಲವನ್ನೂ ತಿಂದೆ.

ಆಗ ನೀನು ಪಕ್ಕದಲ್ಲಿ ಕುಳಿತು, ಹೆಗಲ ಮೇಲೆ ಕೈಯಿಟ್ಟು, "ಅವತ್ತ ತಪ್ಪು ನಂದ..." ಎಂದು ಶುರುಮಾಡಿದೆ. ಅದೇ ಗಳಿಗೆಗೆ ಹೊಟ್ಟೆ ಗುಡುಗಿತು. ನಿನ್ನ ಕೈ ಕೊಡವಿ ಶೌಚಾಲಯಕ್ಕೆ ಓಡಿದೆ. ಮರಳಿ ಬಂದಾಗ ನೀನು ಮುಖ ತಿರುಗಿಸಿದೆ. ಗೌರಾ ನಿಜ ಹೇಳಹೋದಳು. ಬೀಗರ ಮುಂದೆ ಮಾನ ಹೋದೀತೆಂದು ನಾನೇ ತಡೆದೆ.

ಇದನ್ನು ಟಪಾಲಿಗೆ ಹಾಕಿದರೆ ನೀನು ಪುಣೆಗೆಲ್ಲ ಓದಿ ಹೇಳಿ, ಹೊಟ್ಟೆ ಹಿಡಿದು ನಗುತ್ತೀಯ. ಅದಕ್ಕೇ ಹಾಕುವುದಿಲ್ಲ. ಆದರೆ ಮಲಕಾಜಪ್ಪಾ, ನೀನು ಹಾಗೆ ನಗುವುದನ್ನು ಕೇಳದೆ ಭಾಳ ದಿನವಾಯಿತು.