ಪಿಸುಮಾತು ಲೆಕ್ಕಕ್ಕಿಲ್ಲ

ಮಾರ್ಚ್ ೩, ಸಂಜೆ

ಹೆಡ್‌ಫೋನ್ ಹಾಕಿ ಹಾಕಿ ಕಿವಿ ಕೆಂಪಗಾಗಿದೆ. ನೀರೊಳಗಿನ ಮೈಕು ಇಡೀ ದಿನ ಕಳಿಸಿದ್ದು ಹಡಗಿನ ಗುರುಗುರು, ಸೀಗಡಿಯ ಚಟಪಟ, ಅಷ್ಟೆ. ತಿಮಿಂಗಿಲದ ಸುದ್ದಿಯೇ ಇಲ್ಲ. ಹೋದ ವಾರ ಒಂದೇ ಸಮನೆ ಕೂಗುತ್ತಿತ್ತು. ತುಂಬಿದ ಬಸುರಿ ಬೇರೆ. ಅದಕ್ಕೇ ಹಡಗುಗಳಿಗೆಲ್ಲ ನಿಧಾನವಾಗಿ ಹೋಗುವ ಆಜ್ಞೆ. ಅದರ ಇನ್ನೊಂದು ಕೂಗು ಖಚಿತವಾಗದಿದ್ದರೆ ಶುಕ್ರವಾರ ಆಜ್ಞೆ ರದ್ದು. ಹೋಗಿ ನೋಡೋಣವೆಂದರೆ ಈ ಗಾಳಿಗೆ ದೋಣಿ ಹೊರಡುವಂತಿಲ್ಲ.

ಮಾರ್ಚ್ ೪

ಮನೆಯಲ್ಲಿ ತಂಗಿ ಬಾಣಂತಿ. ಬಾಗಿಲು ತೆಗೆದವಳೇ, "ಅಕ್ಕಾ, ಮೆತ್ತಗೆ... ಈಗಷ್ಟೇ ಮಲಗ್ತು" ಅಂತ ಪಿಸುಗುಟ್ಟಿದಳು. ಬೀದಿಗೆಲ್ಲ ಕೇಳುವಂತೆ ಕಿರುಚುತ್ತಿದ್ದ ಹುಡುಗಿ!

ಅಲ್ಲೇ ಹೊಳೆಯಿತು. ಮರಿ ಹಾಕಿದ ತಿಮಿಂಗಿಲವೂ ಮೆತ್ತಗೇ ಮಾತಾಡುತ್ತದೆ — ಶಾರ್ಕ್ ಕೇಳಿಸಿಕೊಂಡೀತೆಂದು. ಓದಿದ್ದೆ. ತಲೆಗೆ ಬಂದಿರಲಿಲ್ಲ. ನಮ್ಮ ಕಂಪ್ಯೂಟರ್ ಹುಡುಕುವುದು ದೊಡ್ಡ ಕೂಗನ್ನು ಮಾತ್ರ.

ಮಾರ್ಚ್ ೬, ಶುಕ್ರವಾರ ರಾತ್ರಿ

ಕಂಪ್ಯೂಟರ್ ಬೇಡವೆಂದು ಬಿಟ್ಟ ತುಣುಕುಗಳನ್ನೆಲ್ಲ ಕೇಳಿದೆ. ಸಿಕ್ಕಿತು. ಗೊಣಗಿದ ಹಾಗೆ ಒಂದು ದನಿ. ಹಿಂದೆಯೇ ಇನ್ನೂ ಪುಟ್ಟದೊಂದು. ಮರಿಯೇ. ಕಣ್ಣು ತುಂಬಿ ಬಂತು.

ಆದರೆ ನಿಯಮದಂತೆ ಇಬ್ಬರು ಬೇರೆ ಬೇರೆ ಕೇಳಿ ಒಪ್ಪಬೇಕು. ಮೊದಲೇ ಏನೂ ಹೇಳಿಕೊಡುವಂತಿಲ್ಲ. ಎರಡನೇ ಕಿವಿ ನಮ್ಮ ಹಿರಿಯ ಸಹೋದ್ಯೋಗಿ, ಆಫೀಸಿಗೆಲ್ಲ 'ಮಾವ'. ಮತ್ತೆ ಮತ್ತೆ ಕೇಳಿದರು. ನಾನು ಬಾಗಿಲಾಚೆ ಉಗುರು ಕಚ್ಚುತ್ತಾ ನಿಂತಿದ್ದೆ.

"ಇದೆ ಅನ್ಸುತ್ತಮ್ಮಾ. ಆದ್ರೆ ಆಣೆ ಮಾಡಿ ಹೇಳು ಅಂದ್ರೆ ನನ್ ಕೈಲಿ ಆಗಲ್ಲ."

'ಅನುಮಾನ' ಎಂದು ಬರೆದರು. ಸುಳ್ಳು ಬರೆಯಿರಿ ಎನ್ನಲು ನಾಲಿಗೆ ಏಳಲಿಲ್ಲ. ಮೇಲಿನವರಿಗೆ ಫೋನ್ ಮಾಡಿ ಗೋಗರೆದೆ. ಅನುಮಾನಕ್ಕೆಲ್ಲ ಹಡಗು ತಡೆಯಲಾಗದಂತೆ. ಸಂಜೆಗೆ ಆಜ್ಞೆ ರದ್ದು.

ಮಾವನ ಜೊತೆ ಮಾತು ಬಿಟ್ಟಿದ್ದೇನೆ.

ಮಾರ್ಚ್ ೧೦

ನಿನ್ನೆ ಮರಿ ದಡಕ್ಕೆ ಬಂದು ಬಿದ್ದಿದೆ. ಬೆನ್ನ ಮೇಲೆ ಹಡಗಿನ ಪ್ರೊಪೆಲ್ಲರ್ ಗಾಯ. ನಾನು ಹೋಗಲಿಲ್ಲ. ಮಾವ ಹೋಗಿದ್ದರಂತೆ. ಇವತ್ತು ರಜೆ ಹಾಕಿದ್ದಾರೆ.

ಮಾರ್ಚ್ ೧೧, ಬೆಳಗ್ಗೆ

ಕಂಪ್ಯೂಟರ್ ಬಾಯಿ ಮುಚ್ಚುತ್ತಲೇ ಇಲ್ಲ. ತಾಯಿ ಕೂಗುತ್ತಿದೆ. ಜೋರಾಗಿ. ಶಾರ್ಕ್‌ಗೆ ಹೆದರಿ ಬಚ್ಚಿಡಬೇಕಾದದ್ದು ಈಗ ಏನೂ ಇಲ್ಲವಲ್ಲ.

ಮಾವ ಬಂದು ಪಕ್ಕದಲ್ಲಿ ಕೂತರು. ಹೆಡ್‌ಫೋನ್ ಹಾಕಿಕೊಂಡರು. ಪ್ರತಿ ಕೂಗಿಗೂ 'ಖಚಿತ' ಎಂದು ಒತ್ತಿದರು. ಅವರ ಮೇಲಿನ ಸಿಟ್ಟು ಯಾವಾಗ ಇಳಿಯಿತೋ ಗೊತ್ತಾಗಲಿಲ್ಲ. ನಿಧಾನದ ಆಜ್ಞೆ ಮತ್ತೆ ಜಾರಿಗೆ ಬಂದಿದೆ. ಹಡಗುಗಳೆಲ್ಲ ಮೆಲ್ಲಗೆ ಹೋಗುತ್ತಿವೆ.

ಒಂದು ಕೂಗು. ಆಮೇಲೆ ಸ್ವಲ್ಪ ಹೊತ್ತು ಸುಮ್ಮನೆ... ಉತ್ತರ ಬರಲೆಂದು. ಮತ್ತೆ ಕೂಗು. ಅದು ಸುಮ್ಮನಾದಾಗಲೆಲ್ಲ ನಾನೂ ಉಸಿರು ಹಿಡಿದು ಆ ಪುಟ್ಟ ದನಿಗೆ ಕಾಯುತ್ತೇನೆ.