ಇಪ್ಪತ್ತಾರನೇ ನಂಬರಿನ ಗಾಳ

ಮಾರ್ಚ್ 3, ಬೆಳಿಗ್ಗೆ

ಇವತ್ತೂ ಅದೇ. ಕರಿ ದಾರ, ಬೆಳ್ಳಿ ತಂತಿ, ಒಂದು ಎಳೆ ಬಿಳಿ ಗರಿ, ಮೇಲೆ ಒಂದು ತೊಟ್ಟು ಅಂಟು. ಗಾಳ ಇಪ್ಪತ್ತಾರನೇ ನಂಬರ್. ಎಳ್ಳಿಗಿಂತ ಒಂದು ಕೂದಲು ದೊಡ್ಡದು. ಕಟ್ಟಿ ಮುಗಿಸಿದ ಮೇಲೆ ಉಗುರಿನ ಸಂದಿಯ ಕೊಳೆಗೂ ಇದಕ್ಕೂ ಏನು ವ್ಯತ್ಯಾಸ? ಕೊಳೆ ಚುಚ್ಚಲ್ಲ. ಅಷ್ಟೆ.

ಸೀನು ಬಂತು. ಬೆಳಗಿನಿಂದ ಕಟ್ಟಿದ ಫ್ಲೈಗಳೆಲ್ಲ, ಮೀನಿಗೆ ಹುಳ ಅನ್ನಿಸುವ ಈ ಗಾಳಗಳೆಲ್ಲ, ಹಾರಿಹೋದವು. ನೆಲದಲ್ಲಿ ತೆವಳಿ ಹುಡುಕಿದೆ. ಒಂದು ಮೊಣಕಾಲಿಗೆ ಚುಚ್ಚಿಕೊಂಡು ತಾನೇ ಸಿಕ್ಕಿತು. ಅಂಗಡಿ ಓನರ್ ಗಾರ್ಲಂಡ್ ಅದೇ ಹೊತ್ತಿಗೆ ಬರಬೇಕೆ?

"ಏನೋ ಎಲೋಯ್, ಪ್ರಾರ್ಥನೇನಾ?"

"ಹೌದು. ನನಗೊಂದು ದೋಣಿ ಕೊಡು ಅಂತ."

"ಮೊದಲು ಬೆಂಚು, ಆಮೇಲೆ ದೋಣಿ. ಇರೋ ಗೈಡ್‌ಗಳಲ್ಲಿ ಯಾರಾದ್ರೂ ಇಳಿದ್ರೆ ತಾನೆ ನೀನು ಹತ್ತೋದು?"

ಹತ್ತನೇ ಕ್ಲಾಸ್ ಮುಗಿಸಿ ಸ್ಕೂಲು ಬಿಟ್ಟಾಗಿನಿಂದ ಇದೇ ಮಾತು. ಇದೇ ಬೆಂಚು. ಇದೇ ಅಂಟಿನ ವಾಸನೆ — ಊಟದ ತಟ್ಟೆಯವರೆಗೂ ಬರುತ್ತದೆ. ನನಗೆ ಗೈಡ್ ಆಗಿ ಹುಟ್ಟು ಹಾಕಬೇಕು, ಗಿರಾಕಿಗಳಿಗೆ ಮೀನು ಹಿಡಿಸಬೇಕು. ಹೊಳೆ ಮೇಲೆ ಇರಬೇಕು. ಸೊಳ್ಳೆಗೆ ಬಟ್ಟೆ ಹೊಲಿಯೋ ದರ್ಜಿ ಆಗಿ ಸಾಯೋಕೆ ಇಷ್ಟವಿಲ್ಲ.

ಮಾರ್ಚ್ 6, ಶುಕ್ರವಾರ

ರಜೆ. ಅಣೆಕಟ್ಟಿನ ಕೆಳಗೆ ಹೋದೆ. ಅಣೆಕಟ್ಟು ತಳದ ನೀರು ಬಿಡುತ್ತದೆ, ಬೇಸಿಗೆಯಲ್ಲೂ ಐಸು. ಈ ನೀರಿನಲ್ಲಿ ದೊಡ್ಡ ಹುಳ ಬದುಕಲ್ಲ, ಬರೀ ಗುಂಗುರು. ಅದನ್ನೇ ತಿಂದು ತಿಂದು ಟ್ರೌಟ್ ಮೀನುಗಳು ತೊಡೆಯಷ್ಟು ದಪ್ಪ.

ದಡದ ಪಕ್ಕ ಒಂದನ್ನು ಕಂಡೆ. ಮೇಲ್ದವಡೆ ಅರ್ಧ ಇಲ್ಲ. ಗಾಳ ಕಿತ್ತೂ ಕಿತ್ತೂ ಹರಿದುಹೋಗಿದೆ. ಆದರೂ ಬಾಯಿ ತೆರೆದು ಗುಂಗುರು ನುಂಗುತ್ತಿತ್ತು. ಎಲ್ಲರೂ ಹಿಡಿಯುತ್ತಾರೆ, ಫೋಟೋ ತೆಗೆಯುತ್ತಾರೆ, ಬಿಡುತ್ತಾರೆ. ಇಲ್ಲಿ ಮನೆಗೆ ಒಯ್ಯುವ ಹಾಗಿಲ್ಲ. ಫೋಟೋದಲ್ಲಿ ಮಾತ್ರ ಮೀನು ಯಾವಾಗಲೂ ಸುಂದರ. "ಒಳ್ಳೇ ಮಗ್ಗುಲು ಕ್ಯಾಮೆರಾ ಕಡೆ ತಿರುಗಿಸೋದೇ ಗೈಡ್ ಕೆಲಸ" — ನಮ್ಮ ಸೆಲೆಸ್ಟಿನೊ ಮಾವ ಹೇಳಿಕೊಟ್ಟ ಮೊದಲ ಪಾಠ.

ಮಾವ ಅಮ್ಮನ ತಮ್ಮ. ಈ ಹೊಳೆಯ ಹಳೇ ಗೈಡ್. ಅಜ್ಜಿ, ಮಾವ, ನಾನು — ಮನೆಯಲ್ಲಿ ಮೂವರೇ. ಈಗ ಈಸ್ಟರ್‌ಗೆ ಮುಂಚಿನ ಉಪವಾಸದ ಕಾಲ, ಶುಕ್ರವಾರ ಮಾಂಸ ಇಲ್ಲ. ಅಜ್ಜಿ ಡಬ್ಬಿ ಮೀನು ತೆರೆದು ಬೈದಳು: "ಮನೆ ಮುಂದೆ ಹೊಳೆ ತುಂಬ ಮೀನು, ನಮ್ಮ ತಟ್ಟೆಗೆ ತಗಡಿನ ಡಬ್ಬಿ! ಹಿಡಿದು, ಮುತ್ತಿಟ್ಟು, ಬಿಡೋದಕ್ಕೆ ಅದೇನು ಮೀನೋ ಬಿಷಪ್ಪರ ಉಂಗುರವೋ?"

ಮಾರ್ಚ್ 9

ಅಂಗಡಿಯಲ್ಲಿ ಬೇರೆ ಗೈಡ್‌ಗಳು ಮಾವ ಬಂದ ಕೂಡಲೇ "ಕೊಕ್ ಕೊಕ್ ಕೊಕ್" ಅಂದರು. ಕೋಳಿ ಕರೆಯುವ ಹಾಗೆ. ಮಾವನೂ ನಕ್ಕ. ನನಗೆ ಅರ್ಥವಾಗಲಿಲ್ಲ.

ಮಧ್ಯಾಹ್ನ ಅರ್ಥವಾಯಿತು.

ಮಾವ ಬಿಟ್ಟುಹೋದ ಊಟದ ಪೆಟ್ಟಿಗೆ ಕೊಡಲು ಹೊಳೆಗೆ ಹೋದೆ. ಮಾವ ಗಿರಾಕಿಯ ಪಕ್ಕ, ಹರಿವಿಗೆ ತುಸು ಮೇಲೆ, ನೀರಿನಲ್ಲಿ ನಿಂತಿದ್ದ. ಸೊಂಟದ ಮೇಲೆ ಸಂತ. ಕೆಳಗೆ ಕಾಲು ಆಡುತ್ತಿತ್ತು. ಬೂಟಿನಿಂದ ತಳದ ಕಲ್ಲು ಕೆದಕುತ್ತಿದ್ದ. ಕೆಸರು, ಅದರ ಜೊತೆ ಹುಳ, ಮರಿಗುಂಗುರು ಎಲ್ಲ ಎದ್ದು ಕೆಳಗೆ ಹರಿಯುತ್ತಿತ್ತು. ಕಾಳು ಚೆಲ್ಲುವವಳ ಹಿಂದೆ ಕೋಳಿ ಬಂದ ಹಾಗೆ ಮೀನುಗಳು ಸಾಲಾಗಿ ನಿಂತಿದ್ದವು. ಗಿರಾಕಿಯ ದಾರದ ತುದಿಯಲ್ಲಿ ನಾನು ಕಟ್ಟಿದ ಫ್ಲೈ ಇರಲಿಲ್ಲ. ದೊಡ್ಡ ಗಾಳಕ್ಕೆ ನೂಲಿನಲ್ಲಿ ಕಟ್ಟಿದ ದಪ್ಪ ಕೆಂಪು ಹುಳ. ಕುರುಡ ಮೀನೂ ಬಿಡಲ್ಲ ಅಂಥದ್ದು.

ಥೂ.

ಈ ಹೊಳೆಯಲ್ಲಿ ಕಾಲು ಆಡಿಸುವುದು ನಿಷೇಧ. ನಿಷೇಧ ಇರಲಿ — ಅಸಹ್ಯ. ಯಾವ ಮಾವನ ದೋಣಿ ನೋಡಿ ನಾನು ಬೆಂಚಿನಲ್ಲಿ ಬೆನ್ನು ಮುರಿದುಕೊಂಡೆನೋ, ಅವನು ಕೋಳಿ ಸಾಕುತ್ತಿದ್ದಾನೆ.

ಮಾರ್ಚ್ 10

ಕೇಳಿಯೇ ಬಿಟ್ಟೆ.

"ನಿನ್ನೆ ಕಾಲು ಆಡಿಸ್ತಿದ್ದೆ ಮಾವ."

"ನೀರು ತಣ್ಣಗಿತ್ತು ಕಣೋ. ಕಾಲು ಮರಗಟ್ಟಿತ್ತು. ಅದಕ್ಕೆ ಸ್ವಲ್ಪ ಅಲ್ಲಾಡಿಸಿದೆ."

"ಇಷ್ಟು ವರ್ಷ ಮರಗಟ್ಟದ ಕಾಲು?"

"ವಯಸ್ಸಾಯ್ತಲ್ಲ ಅಳಿಯ. ನಿನಗೂ ಆಗುತ್ತೆ."

ಬ್ರೆಡ್ಡು ಮುರಿದು ಬಾಯಿಗೆ ಹಾಕಿಕೊಂಡ. ಮುಖದಲ್ಲಿ ಒಂದು ಗೆರೆ ಅಲುಗಲಿಲ್ಲ.

ಮಾರ್ಚ್ 15, ಭಾನುವಾರ

ಚರ್ಚಿನಿಂದ ಬಂದ ಮೇಲೆ. ಅಜ್ಜಿ ಒಲೆಯ ಮೇಲೆ ಬೀನ್ಸ್ ಇಟ್ಟಿದ್ದಳು. ಮಾವ ಪಕ್ಕದ ಕಿಟಕಿಯ ಬೆಳಕಿಗೆ ಒಂದು ಫ್ಲೈ ಹಿಡಿದು ನೈಲಾನ್ ಎಳೆ ಪೋಣಿಸುತ್ತಿದ್ದ. ನಾಲಿಗೆ ಹೊರಗೆ. ಎಳೆ ಗಾಳದ ಕಣ್ಣಿನ ಪಕ್ಕದಲ್ಲಿ ಹೋಯಿತು. ಅವನಿಗೆ ಗೊತ್ತಾಗಲಿಲ್ಲ. ಬೆರಳಿಗೆ ಉಗುಳು ಹಚ್ಚಿ, ಸುತ್ತಿ, ಬಿಗಿದು ಎಳೆದ. ಮಾವ ಗಾಳಿಗೆ ಗಂಟು ಹಾಕಿದ್ದ. ಫ್ಲೈ ಹಾರಿ ಬೀನ್ಸಿಗೆ ಬಿತ್ತು.

ಅಜ್ಜಿ ಸೌಟು ಎತ್ತಿಕೊಂಡಳು. "ಹುಡುಕ್ರೋ ಇಬ್ರೂ! ನಾನು ನುಂಗಿದ್ರೆ ನನ್ನನ್ನೂ ಫೋಟೋ ತೆಗೆದು ನೀರಿಗೆ ಬಿಡ್ತೀರೇನೋ!"

ಸಿಗಲಿಲ್ಲ. ಇಡೀ ಪಾತ್ರೆ ಹಿತ್ತಲಿಗೆ.

ಅಲ್ಲೇ ಹಿತ್ತಲಲ್ಲಿ ಮಾವನನ್ನು ಹಿಡಿದುಕೊಂಡೆ. "ಕಣ್ಣು ಕಾಣ್ತಿಲ್ಲ ಅಲ್ವಾ?"

"ದೂರದ್ದೆಲ್ಲ ಕಾಣುತ್ತೆ. ಹತ್ತಿರ ಹಿಡಿದ್ರೆ ನಡುವೆ ಮಬ್ಬು. ಡಾಕ್ಟರ್ ಹತ್ರ ಹೋಗಿದ್ದೆ, ಕನ್ನಡಕಕ್ಕೆ ಬಗ್ಗಲ್ವಂತೆ." ಆಮೇಲೆ ಮೆಲ್ಲಗೆ: "ಗಾರ್ಲಂಡ್‌ಗೆ ಹೇಳ್ಬೇಡ ಕಣೋ. ದೋಣಿ ಹೋದ್ರೆ ನಾನೇನು ಮಾಡ್ಲಿ? ನಿಮ್ಮಜ್ಜಿ ಜೊತೆ ಕೂತು ಟಿವಿ ನೋಡ್ಲಾ?"

ಓ. ಕೆಂಪು ಹುಳ ಅದಕ್ಕೆ. ಅದರ ಗಾಳದ ಕಣ್ಣು ದೊಡ್ಡದು. ಇವನಿಗೆ ಕಾಣುತ್ತದೆ.

ಮಾರ್ಚ್ 17

ಒಂದು ದಾರಿ ಹೊಳೆಯಿತು. ಫ್ಲೈಗೆ ಎಳೆಯನ್ನು ಮನೆಯಲ್ಲೇ ನಾನು ಗಂಟು ಹಾಕಿ ಕೊಡುವುದು. ಎಳೆಯ ಇನ್ನೊಂದು ತುದಿಗೆ ದೊಡ್ಡ ಕುಣಿಕೆ. ಕಣ್ಣೇ ಬೇಡ, ಬೆರಳಲ್ಲೇ ಸಿಗುತ್ತದೆ. ಸ್ಪಂಜಿನ ತುಂಡಿಗೆ ಒಂದೊಂದಾಗಿ ಸುತ್ತಿ ಕೊಟ್ಟೆ. ಮಾವ ಮುಟ್ಟಿ ಮುಟ್ಟಿ ನೋಡಿದ.

"ಇನ್ನು ಕಾಲು ಆಡಿಸಬಾರದು."

"ದೇವರಾಣೆ."

ಕಾಫಿಗೆ ಮುಂಚೆ ಇದು, ಆಮೇಲೆ ಅಂಗಡಿಯ ಬೆಂಚು. ಎರಡೆರಡು ಸಲ ಅದೇ ಕೊಳೆ ಕಟ್ಟುವ ಭಾಗ್ಯ ನನ್ನದು. ಹೋಗಲಿ.

ಮಾರ್ಚ್ 20

ಹೊಳೆ ಕಾಯುವ ಸರ್ಕಾರದ ವಾರ್ಡನ್ ಅಂಗಡಿಗೆ ಬಂದಿದ್ದ. ನಮ್ಮ ಯಾವುದೋ ದೋಣಿಯವನು ಕಾಲು ಆಡಿಸುತ್ತಾನೆ ಅಂತ ದೂರು. ಹೆಸರು ಗೊತ್ತಿಲ್ಲ. ಅವನು ಹೋದ ಮೇಲೆ ಗಾರ್ಲಂಡ್ ಬೆಂಚಿನ ಹತ್ತಿರ ಕುರ್ಚಿ ಎಳೆದುಕೊಂಡ.

"ಗೈಡ್‌ಗಳು ಒಬ್ಬರನ್ನೊಬ್ಬರು ಬಿಟ್ಟುಕೊಡಲ್ಲ. ನಿನಗೆ ಗೊತ್ತಿದ್ರೆ ಹೇಳು. ಅವನ ದೋಣಿ ನಿಂದು."

ಕೈಯಲ್ಲಿದ್ದ ದಾರ ತುಂಡಾಯಿತು.

"ನನಗೇನು ಗೊತ್ತು? ನಾನಿಲ್ಲೇ ಕೂತಿರ್ತೀನಲ್ಲ."

ದೋಣಿ ಬಾಗಿಲಿಗೆ ಬಂದಿತ್ತು. ನಾನೇ ಒದ್ದೆ. ಯಾರಿಗಾಗಿ? ಮನೆಗೆ ಬಂದರೆ ಮಾವ ಕಾಲು ಚಾಚಿ ಟಿವಿ ನೋಡುತ್ತಿದ್ದ. "ಇವತ್ತು ಸುಗ್ಗಿ ಕಣೋ! ನಿನ್ನ ಫ್ಲೈ ಬಂಗಾರ!" ಅಂದ. ಸ್ವಲ್ಪ ಖುಷಿಯಾಯಿತು. ಬರೆಯಲು ನಾಚಿಕೆ — ಸ್ವಲ್ಪ ಅಲ್ಲ.

ಮಾರ್ಚ್ 26

ಮಾವನ ಜೇಬಿನಂಗಿ ಒದ್ದೆಯಾಗಿತ್ತು. ಹಗ್ಗಕ್ಕೆ ಹಾಕಲು ಜೇಬು ಖಾಲಿ ಮಾಡಿದೆ. ಸ್ಪಂಜುಗಳು. ಎಲ್ಲ. ಮೊದಲ ದಿನ ಕೊಟ್ಟಿದ್ದೂ. ನಾನು ಸುತ್ತಿದ ಹಾಗೇ ಇವೆ. ಒಂದು ಎಳೆಯೂ ಬಿಚ್ಚಿಲ್ಲ.

ಇನ್ನೊಂದು ಜೇಬಿನಲ್ಲಿ ಬಳಸಿ ಸವೆದ ಕೆಂಪು ಹುಳ. ಒದ್ದೆ.

ಸ್ಪಂಜುಗಳನ್ನು ಅವನ ತಟ್ಟೆಯ ಪಕ್ಕ ಇಟ್ಟೆ. ನೋಡಿದ. ತುತ್ತು ನುಂಗಿದ.

"ನಿಂದು ಒಳ್ಳೇದೇ ಕಣೋ. ಆದ್ರೆ ಅದಕ್ಕೆ ಕಾಯ್ಬೇಕು. ಗಿರಾಕಿ ಕಾಯಲ್ಲ."

"ದೇವರಾಣೆ ಅಂದಿದ್ದೆ."

"ದೇವರು ಯಾವತ್ತಾದ್ರೂ ಗೈಡ್ ಆಗಿದ್ನಾ? ದೋಣಿ ಹತ್ತು, ಆಮೇಲೆ ಮಾತಾಡು."

ಕಣ್ಣು ಕಾಣದ್ದಕ್ಕೆ ಅಲ್ಲ. ಕಣ್ಣು ಬರೀ ನೆಪ. ಸುಲಭದ ರುಚಿ ಹತ್ತಿದೆ ಇವನಿಗೆ. ಒಂದು ಕ್ಷಣ ಅವನ ಬಾಯಿ ನೋಡಿದೆ. ಬೀನ್ಸ್ ಅಗಿಯುತ್ತಿತ್ತು. ಆ ಅರ್ಧ ದವಡೆಯ ಮೀನು ನೆನಪಾಯಿತು.

ಮಾರ್ಚ್ 27

ಹೇಳಿದೆ.

ಏಪ್ರಿಲ್ 8

ಗಾರ್ಲಂಡ್ ಮಾವನನ್ನು ಪೂರ್ತಿ ತೆಗೆಯಲಿಲ್ಲ. ಅಂಗಳದಲ್ಲಿ ದೋಣಿ ಉಜ್ಜುವುದು, ಗೈಡ್‌ಗಳ ಬೂಟು ತೊಳೆಯುವುದು. ಈಗ ಯಾರೂ ಕೊಕ್ ಕೊಕ್ ಅನ್ನುವುದಿಲ್ಲ. ನಾನು ಹಾದುಹೋದರೆ ಎಲ್ಲರೂ ಬೇರೆ ಕಡೆ ನೋಡುತ್ತಾರೆ.

ಈಸ್ಟರ್ ಹೇಗೋ ಕಳೆಯಿತು. ಕುರಿಮಾಂಸ ಇತ್ತು, ಮಾತು ಇರಲಿಲ್ಲ. ಅಜ್ಜಿ ನನಗೆ ಬಡಿಸುವಾಗ ಸೌಟು ತಟ್ಟೆಗೆ ಬಡಿಯುತ್ತದೆ. ಮಾವನಿಗೆ ಬಡಿಸುವಾಗ ಬಡಿಯಲ್ಲ.

ಶನಿವಾರ ನನ್ನ ಮೊದಲ ಗಿರಾಕಿ. ಗಾರ್ಲಂಡ್ ಅಂದದ್ದು: "ಅವರು ನಗ್ತಾ ವಾಪಸ್ ಬಂದ್ರೆ ದೋಣಿ ನಿಂದು. ಮುಖ ಊದಿಸ್ಕೊಂಡು ಬಂದ್ರೆ, ಬೆಂಚು ಎಲ್ಲೂ ಹೋಗಿಲ್ಲ."

ಏಪ್ರಿಲ್ 11, ಬೆಳಗಿನ ಜಾವ

ಡಬ್ಬಿ ತುಂಬ ನನ್ನ ಫ್ಲೈ. ಒಂದೂ ಕೆಂಪು ಹುಳ ಇಲ್ಲ. ಬೇಕೆಂದೇ.

ಬಾಗಿಲಲ್ಲಿ ಮಾವ ನಿಂತಿದ್ದ. ಇಷ್ಟು ದಿನಗಳಲ್ಲಿ ಮೊದಲ ಮಾತು:

"ನೀರು ತಣ್ಣಗಿರುತ್ತೆ. ಎರಡು ಜೊತೆ ಕಾಲುಚೀಲ ಹಾಕ್ಕೋ."

ಕುಹಕವೋ, ಕಾಳಜಿಯೋ. ಎರಡು ಜೊತೆ ಹಾಕಿಕೊಂಡೆ.

ಏಪ್ರಿಲ್ 11, ಸಂಜೆ

ದೋಣಿ ನನ್ನದು. ಗಾರ್ಲಂಡ್ ಬೆನ್ನು ತಟ್ಟಿದ.

ಗಿರಾಕಿ ಲಿಂಡ್‌ಕ್ವಿಸ್ಟ್ ಅಂತ, ಟೆಕ್ಸಸ್ ಕಡೆಯವರು. ದೋಣಿ ಹತ್ತುವಾಗಲೇ ಕೇಳಿದರು: "ಹೋದ ಸಲ ಒಬ್ಬರು ವಯಸ್ಸಾದವರು ಇದ್ರಲ್ಲ? ಅವರು ನಿಲ್ಲಿಸಿದ ಕಡೆಯೆಲ್ಲ ಮೀನೋ ಮೀನು. ಎಲ್ಲಿ ಅವರು?"

"ರಜೆ" ಅಂದೆ.

ಬೆಳಿಗ್ಗೆ ಏನೂ ಇಲ್ಲ. ಫ್ಲೈ ಬದಲಿಸಿದೆ. ಕರಿ, ಬೂದು, ಕೆನೆ. ಮೀನು ಹತ್ತಿರ ಬರುತ್ತಿತ್ತು, ಮೂಸಿ ತಿರುಗುತ್ತಿತ್ತು. ಊಟದ ನಂತರವೂ ಏನೂ ಇಲ್ಲ. ಅವರು ಹೊಳೆ ನೋಡುವುದು ಬಿಟ್ಟು ನನ್ನನ್ನೇ ನೋಡತೊಡಗಿದರು. "ಮರಿ, ನಿನಗೆ ಈ ಕೆಲಸ ಹೊಸದಾ?"

ಆಮೇಲೆ ಸಿಕ್ಕವು. ಒಂದರ ಹಿಂದೆ ಒಂದು. ಮೊದಲು ಬಂದದ್ದು ಅದೇ, ಅರ್ಧ ದವಡೆಯದ್ದು. ಕೈಯಲ್ಲಿ ಹಿಡಿದಾಗ ಅದರ ಬಾಯೊಳಗೆ ನನ್ನ ಬೆರಳು ಕಾಣುತ್ತಿತ್ತು. ಲಿಂಡ್‌ಕ್ವಿಸ್ಟ್ ಕ್ಯಾಮೆರಾ ಎತ್ತಿದರು. ಒಳ್ಳೇ ಮಗ್ಗುಲು ತಿರುಗಿಸಿದೆ. ಅವರು ನಕ್ಕರು. ನಗುತ್ತಲೇ ವಾಪಸ್ ಬಂದರು.

ಅಂಗಳದಲ್ಲಿ ಬೂಟು ಬಿಚ್ಚಿಟ್ಟೆ. ಮಾವ ಒಂದನ್ನು ಎತ್ತಿಕೊಂಡ. ಅಟ್ಟೆಯ ಸಂದಿಗೆ ಬೆರಳು ಹಾಕಿದ. ಕಣ್ಣಿಗೆ ಹತ್ತಿರ ಹಿಡಿಯಲಿಲ್ಲ. ಬೆರಳಿಗೇ ಸಾಕಾಯಿತು. ಕಿತ್ತ ಪಾಚಿ, ಕೆಸರು, ಇನ್ನೂ ಅಲುಗುತ್ತಿದ್ದ ಒಂದು ಕೆಂಪು ಹುಳ. ನಲ್ಲಿಯ ಕೆಳಗೆ ತೊಳೆದ.

"ಹೇಗಿತ್ತು ಅಳಿಯ, ನೀರು?"

ತಣ್ಣಗಿತ್ತು, ಅಂದೆ. ಕಾಲು ಮರಗಟ್ಟಿತ್ತು.